ತಪ್ಪು, ಮತ್ತೆ ಮಾಡಿ

ನನ್ನ ಹೆದರಿಕೆಗಳಿಗೆ ಹಾಜರಿ ಪುಸ್ತಕ ಇಟ್ಟರೆ ಒಂದು ದಿನವೂ ಗೈರುಹಾಜರಿ ಸಿಗಲಿಕ್ಕಿಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಶಿಕಾರಿಪುರ ದಾಟಿದ ಮೇಲೆ ಸ್ಕೂಟರ್ ತಿರುಗಿಸಿಕೊಂಡು ಮನೆಗೆ ಬಂದವನು ನಾನು. ಅಂಥವನು ಸರ್ಕಾರಿ ಫಲಕದ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಬರೆದೆ ಎಂದರೆ ಹೆಂಡತಿಯೇ ನಂಬಲಿಲ್ಲ.

ಜಡೆ ಹತ್ತಿರದ ನಮ್ಮ ಶಾಲೆಯ ದಾರಿಯಲ್ಲಿ ಒಂದು ಮೋರಿ ಅರ್ಧ ಕಟ್ಟಿ ನಿಂತಿದೆ. ಬಸ್ಸು ಅದರಾಚೆಗೇ ನಿಲ್ಲುತ್ತದೆ; ಮಕ್ಕಳು ಇಳಿದು, ಹಳ್ಳಕ್ಕೆ ಹಾಸಿದ ಹಲಗೆ ದಾಟಿ ಬರಬೇಕು. ಮೊನ್ನೆ ಐದನೇ ತರಗತಿಯ ಹುಡುಗಿಯೊಬ್ಬಳು ಜಾರಿ ಬಿದ್ದು, ಪುಸ್ತಕವೆಲ್ಲ ಕೆಸರಾಗಿ, ಅಳುತ್ತ ಬಂದಳು. ಅದೇ ವಾರ ಅಲ್ಲೊಂದು ತಗಡಿನ ಫಲಕ ಎದ್ದಿತು: 'ಕಾಮಗಾರಿ ಪೂರ್ಣಗೊಂಡಿದೆ'. ಇಲಾಖೆಯ ವೆಬ್‌ಸೈಟಿನಲ್ಲೂ ಅದೇ ಮಾತು. ಕಾಗದದಲ್ಲಿ ಮುಗಿದ ಮೋರಿಯನ್ನು ಕಟ್ಟಲು ಮತ್ತೆ ಯಾರು ಬರುತ್ತಾರೆ? ತಾಳಗುಂದದ ಶಾಸನದಲ್ಲೂ ಕೆರೆ ಮಾಡಿಸಿದ ಸುದ್ದಿಯಿದೆ. ಆದರೆ ಆ ಕಾಲದ ರಾಜರು ಮೊದಲು ಕೆರೆ ಮಾಡಿಸಿ, ಆಮೇಲೆ ಕಲ್ಲಿಗೆ ಉಳಿ ಇಟ್ಟವರು. ಇಪ್ಪತ್ತೆರಡು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ನನ್ನದು, ಸುಮ್ಮನಿರಲಿಲ್ಲ. ಸುತ್ತ ಯಾರೂ ಇಲ್ಲವೆಂದು ಎರಡೆರಡು ಸಲ ನೋಡಿಕೊಂಡು, ಫಲಕದ ಮೇಲೆ 'ತಪ್ಪು. ಮತ್ತೆ ಮಾಡಿ' ಎಂದು ಬರೆದೆ. ಅಭ್ಯಾಸಬಲ ನೋಡಿ, ಕೆಳಗೆ ಸಹಿಯನ್ನೂ ಹಾಕಿ ತಾರೀಕನ್ನೂ ಬರೆದುಬಿಟ್ಟಿದ್ದೆ!

ಮರುದಿನವೇ ಇಂಜಿನಿಯರ್ ಜೀಪು ಗದ್ದೆಯ ಸುತ್ತುದಾರಿ ಹಿಡಿದು ಶಾಲೆಗೆ ಬಂತು.

"ಯಾರ್ರೀ ಮೇಷ್ಟ್ರೇ, ಅದನ್ನ ಬರ್ದಿದ್ದು?"

"ಸಹಿ ಇದೆಯಲ್ರೀ."

"ಅಳಿಸ್ಬಿಡ್ರಿ. ಮುಗೀತು ಅಂತ ಮೇಲಕ್ಕೆ ಕಳ್ಸಾಗಿದೆ."

"ಮೋರಿ ಮುಗೀಲಿ, ನಾನೇ ಒರೆಸ್ತೀನಿ. ಅಲ್ಲೀವರೆಗೆ ಅಳಿಸಿದಷ್ಟು ಸಲ ಬರೀತೀನಿ."

"ನೀವೂ ಸರ್ಕಾರಿ ನೌಕರರು, ನೆನಪಿರ್ಲಿ."

ನೋಟಿಸು, ವರ್ಗಾವಣೆ ಎಲ್ಲ ಕಣ್ಣ ಮುಂದೆ ಹಾದುಹೋದವು. ಆದರೂ "ಮಕ್ಕಳೂ ಸರ್ಕಾರಿ ಶಾಲೆಯವ್ರೇ ರೀ. ನೀವೊಂದ್ಸಲ ಆ ಹಲಗೆ ದಾಟಿ ತೋರ್ಸಿ, ಪಾಸು ಮಾಡ್ತೀನಿ" ಎಂದೆ. ಅವರು ತಮ್ಮ ಹೊಸ ಬೂಟು ನೋಡಿಕೊಂಡರು. ಜೀಪು ಬಂದ ದಾರಿಯಲ್ಲೇ ಹೋಯಿತು.

ಮುಂದಿನ ವಾರ ವೆಬ್‌ಸೈಟಿನಲ್ಲಿ 'ಪೂರ್ಣಗೊಂಡಿದೆ' ಹೋಗಿ 'ಪ್ರಗತಿಯಲ್ಲಿದೆ' ಬಂತು. ಮೋರಿ ಪಕ್ಕ ಎರಡು ಲೋಡು ಜಲ್ಲಿಯೂ ಬಿತ್ತು. ಗೆದ್ದ ಹುಮ್ಮಸ್ಸಿನಲ್ಲಿ ಹೆಂಡತಿಗೆ ಎಲ್ಲ ವರ್ಣಿಸಿದೆ. "ಆ ಸೀಮೆಸುಣ್ಣ ಕೊಡ್ರಿ ಇಲ್ಲಿ" ಎಂದಳು. ಬಚ್ಚಲುಮನೆಯ ಚಿಲಕ ರಿಪೇರಿಯಾಯಿತೆಂದು ನಾನು ಯುಗಾದಿಗೇ ವರದಿ ಒಪ್ಪಿಸಿದ್ದೆ; ಒಳಗಿದ್ದವರು ಈಗಲೂ ಹಾಡು ಹೇಳಿಕೊಂಡೇ ಸ್ನಾನ ಮಾಡಬೇಕು. ಬಾಗಿಲ ಮೇಲೆ ಅವೇ ಮೂರು ಪದಗಳು ಕೆಂಪಗೆ ಮೂಡಿದವು, ಕೆಳಗೆ ಅವಳ ಸಹಿ ಸಮೇತ. ಸ್ಕ್ರೂಡ್ರೈವರ್ ಹುಡುಕುತ್ತಿದ್ದೇನೆ. ಅದೂ ಪ್ರಗತಿಯಲ್ಲಿದೆ.