ತೆಂಗಳಿಗೆ ಹೋದ ಎರಡು ಕಲ್ಲುಗಳು

ಕಲಬುರಗಿಯಲ್ಲಿ ಒಂದು ದಿನದ ತರಬೇತಿ ಮುಗಿಸಿ ಬಂದ ಮೇಲೆ, ಕೆಲಸಗಾರರ ನಡುವಿನ ಯಾವ ಜಗಳವನ್ನಾದರೂ ಬಗೆಹರಿಸಬಲ್ಲೆ ಎಂಬ ನಂಬಿಕೆ ನನಗೆ ಬಂದಿತ್ತು. ಪ್ರಮಾಣಪತ್ರವೂ ಇತ್ತಲ್ಲ!

"ಮೊದಲ ನಿಮ್ಮ ಬಾಯಿ ಸಂಭಾಳಿಸ್ರಿ," ಎಂದಳು ಹೆಂಡತಿ. ಪಾಪ, ಅವಳಿಗೆ ತರಬೇತಿ ಆಗಿರಲಿಲ್ಲ.

ನಾನು ಶಹಾಬಾದಿನ ಒಂದು ಹಾಸುಗಲ್ಲು ಪಾಲಿಶ್ ಕಾರ್ಖಾನೆಯ ಸೂಪರ್‌ವೈಸರ್. ಕಲ್ಲು ಕೊಯ್ಯುವವನು ಶರಣಪ್ಪ, ಪಾಲಿಶ್ ಹೊಡೆಯುವವನು ಮಹಿಬೂಬ. ಇಪ್ಪತ್ತು ವರ್ಷ ಒಂದೇ ಡಬ್ಬಿಯ ರೊಟ್ಟಿ ತಿಂದವರು. ಈಗ ನಾಲ್ಕು ದಿನದಿಂದ ಮಾತಿಲ್ಲ, ಡಬ್ಬಿಯೂ ಬೇರೆ. ಶರಣಪ್ಪನಂತೂ ಕೆಲಸ ಬಿಟ್ಟು ವಾಡಿಯ ಸಿಮೆಂಟ್ ಕಾರ್ಖಾನೆಗೆ ಹೋಗುತ್ತೇನೆಂದು ಹಟ ಹಿಡಿದಿದ್ದ.

ಸಿಟ್ಟನ್ನು ಆಡಬಾರದು, ಬರೆಯಬೇಕು! ಇದು ತರಬೇತಿಯ ಪಾಠ. ನಮ್ಮಲ್ಲಿ ಅಳತೆ, ಗಿರಾಕಿಯ ಹೆಸರು ಎಲ್ಲವನ್ನೂ ಸೀಮೆಸುಣ್ಣದಿಂದ ಕಲ್ಲಿನ ಮೇಲೆಯೇ ಬರೆಯುವ ರೂಢಿ. ಇಬ್ಬರಿಗೂ ಒಂದೊಂದು ಕಲ್ಲು ಕೊಟ್ಟೆ.

"ಮನಸಿನ್ಯಾಗ ಇದ್ದದ್ದು ಬರೀರಿ. ನಾ ಓದಂಗಿಲ್ಲ. ನಾಳಿ ಒಬ್ಬರದೊಬ್ಬರು ಓದ್ರಿ."

"ಕಲ್ಲು ಸಾಲಂಗಿಲ್ರಿ ಸಾಹೇಬ್ರ," ಎಂದ ಶರಣಪ್ಪ.

ಗೌಪ್ಯತೆ ಕಾಪಾಡುವ ಸದುದ್ದೇಶದಿಂದ, ಬರೆದ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದ ಬೇರೆ ಕಲ್ಲುಗಳ ನಡುವೆ ಬಚ್ಚಿಟ್ಟೆ. ಆ ಸಾಲು ಮರುದಿನ ಬೆಳಿಗ್ಗೆ ತೆಂಗಳಿ ಎಂಬ ಹಳ್ಳಿಯ ಶಾಲಾ ಮಾಸ್ತರರ ಹೊಸ ಮನೆಗೆ ಹೋಗಬೇಕಾದದ್ದು ಎಂಬುದು ನೆನಪಾಗಲಿಲ್ಲ. ನೆನಪಾದದ್ದು ಮರುದಿನ ಊಟದ ಹೊತ್ತಿಗೆ, ಮಾಸ್ತರರ ಫೋನು ಬಂದಾಗ!

"ಏನ್ರಿ ಸೂಪರ್‌ವೈಸರ್ರ, ಮನಿಗಿ ಹಾಸಾಕ ಕಲ್ಲು ಕೇಳಿದ್ರ ಪತ್ರ ಬರದು ಕಳಸೀರಲ್ಲ!"

ಶರಣಪ್ಪ, ಮಹಿಬೂಬ ಎದುರಿಗೇ ಇದ್ದರು. ಪಾರದರ್ಶಕತೆಯೂ ತರಬೇತಿಯ ಪಾಠವೇ. ಸ್ಪೀಕರ್ ಹಾಕಿ, "ಓದ್ರಿ ಮಾಸ್ತರ್ರ," ಎಂದೆ.

ಮಾಸ್ತರರು ತರಗತಿಯ ದನಿಯಲ್ಲಿ ಮೊದಲು ಶರಣಪ್ಪನ ಕಲ್ಲು ಓದಿದರು: "ನನ್ನ ಕಣ್ಣು ಹೋಗ್ಯಾವ ಅಂತ ಮಹಿಬೂಬ ಅಂದಾನಂತ. ಬ್ಯಾರೆಯವರು ಅಂದಿದ್ರ ನಕ್ಕು ಬಿಡ್ತಿದ್ದೆ. ಈ ಮಾತು ಸೂಪರ್‌ವೈಸರ್ ಸಾಹೇಬ್ರೇ ನನಗ ಹೇಳ್ಯಾರ."

ಸ್ಪೀಕರ್ ಆರಿಸುವ ಗುಂಡಿ ಹುಡುಕಿದೆ, ಸಿಗಲಿಲ್ಲ. ಆಮೇಲೆ ಮಹಿಬೂಬನ ಕಲ್ಲು: "ಶರಣಪ್ಪ ಯಾಕ ಮಾತು ಬಿಟ್ಟಾನೋ ಗೊತ್ತಿಲ್ಲ. ಅವನ ಕಣ್ಣು ಮಂಜಾಗ್ಯಾವ, ದವಾಖಾನಿಗಿ ಕರಕೊಂಡು ಹೋಗ್ತೀನಿ, ಒಂದು ದಿನ ರಜಾ ಕೊಡ್ರಿ ಅಂತ ಸೂಪರ್‌ವೈಸರ್ ಸಾಹೇಬ್ರಿಗಿ ಕೇಳಿದ್ದೆ."

ಹೌದು, ಕೇಳಿದ್ದ. ನಾನು ಅದನ್ನು ಸಂಕ್ಷೇಪಿಸಿ ಶರಣಪ್ಪನಿಗೆ ಮುಟ್ಟಿಸಿದ್ದೆ, ಅಷ್ಟೇ! ರಜೆಯ ಮಾತು ಬಿಟ್ಟೆ, ದವಾಖಾನೆಯ ಮಾತು ಬಿಟ್ಟೆ. ಉಳಿದದ್ದು ಕಣ್ಣು ಮಾತ್ರ.

ಶರಣಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಮಹಿಬೂಬ ಡಬ್ಬಿ ತೆಗೆದ.

"ವಾಡಿಗಿ ಹೋಗಾಂವ ಇದ್ದಿ?"

"ಅಲ್ಲಿ ಯಾರ ರೊಟ್ಟಿ ತಿನ್ನಲೋ?"

ನನಗೂ ಎದೆ ತುಂಬಿ ಬಂತು. ಇಬ್ಬರಿಗೂ ಅಲ್ಲಿಯೇ ರಜೆ ಬರೆದುಕೊಟ್ಟೆ, ಈ ಸಲ ಕಾಗದದ ಮೇಲೆ. ನಾಲ್ಕು ಮಾತು ಆಡೋಣವೆಂದು ಬಾಯಿ ತೆರೆದೆ. ಮಹಿಬೂಬ ಚಟ್ನಿ ಹಚ್ಚಿದ ರೊಟ್ಟಿ ಕೈಗಿಟ್ಟ.

"ಕುಂದ್ರಿ ಸಾಹೇಬ್ರ. ತಿನ್ರಿ. ಮಾತಾಡಬ್ಯಾಡ್ರಿ."

ಚಟ್ನಿ ಭಾಳ ಖಾರವಾಗಿತ್ತು. ಅದನ್ನೂ ನಾನು ಹೇಳಲಿಲ್ಲ.