ಸೆರಗಿನಲ್ಲಿ ಮೂರು ಫ್ಯೂಸು

ನಮ್ಮ ಸೋದರತ್ತೆ ಊರು ಬಿಟ್ಟರೆ ನಗರಗೆರೆಯ ಅರ್ಧ ಮನೆಗಳಲ್ಲಿ ಮುದ್ದೆ ಬೇಯುವುದಿಲ್ಲ. ಸುಮ್ಮನೆ ಹೇಳ್ತಿದ್ದೀನಿ ಅಂದುಕೊಂಡಿರಾ? ಅವರದು ಹಿಟ್ಟಿನ ಮಿಲ್ಲು. ಹೊರಗೆ ಹೊರಟರೆ ಬಾಗಿಲಿಗೆ ಬೀಗ ಜಡಿದರೆ ಸಾಲದು, ಮೋಟರಿನ ಮೂರೂ ಪಿಂಗಾಣಿ ಫ್ಯೂಸು ಕಿತ್ತು ಸೆರಗಿಗೆ ಗಂಟು ಹಾಕಿಕೊಂಡೇ ಬಸ್ಸು ಹತ್ತುತ್ತಾರೆ. ಚಿಂತಾಮಣಿಯ ಮದುವೆಯೊಂದರಲ್ಲಿ ಎಲೆ ಅಡಿಕೆಗೆಂದು ಆ ಗಂಟು ಬಿಚ್ಚಿದರು. ಮೂರೂ ಉರುಳಿ ಪುರೋಹಿತರ ಕಾಲ ಬಳಿ ಬಿದ್ದವು.

"ಏನಮ್ಮ ಇದು?"

"ನಮ್ಮ ಮಿಲ್ಲು ಸ್ವಾಮಿ. ಒಂಟಿಯಾಗಿ ಬಿಡೋ ಹಾಗಿಲ್ಲ, ಜೊತೇಲೇ ಕರ್ಕೊಂಡ್ ಬಂದೆ."

ರಿಪೇರಿ ದಿನವಂತೂ ಕೇಳಲೇಬೇಡಿ! ಗೌರಿಬಿದನೂರಿನಿಂದ ಬಂದ ಮೆಕ್ಯಾನಿಕ್ ಒಮ್ಮೆ ಕರೆಂಟು ಹೋದ ಹೊತ್ತಲ್ಲಿ ಬೆಲ್ಟಿಗೆ ಕೈ ಹಾಕಹೋದ. ಅತ್ತೆ ಅವನ ರಟ್ಟೆ ಹಿಡಿದು ಪಕ್ಕಕ್ಕೆಳೆದರು. ಫ್ಯೂಸು ಕಿತ್ತರು, ಚಕ್ರಕ್ಕೆ ಮರದ ತುಂಡು ಅಡ್ಡ ಕೊಟ್ಟರು, ಕಿತ್ತ ಫ್ಯೂಸನ್ನು ಅವನ ಜೇಬಿಗೇ ಹಾಕಿದರು.

"ಕರೆಂಟೇ ಇಲ್ವಲ್ಲಮ್ಮ?"

"ಹೋಗಿರೋದು ಹೋಗೇ ಇರುತ್ತೆ ಅಂತ ನಿಂಗೆ ಯಾರಪ್ಪ ಹೇಳಿದ್ದು? ಒಳಗೆ ಹಾಕೋ ಕೈ ನಿಂದು. ಫ್ಯೂಸೂ ನಿನ್ನ ಹತ್ರಾನೇ ಇರ್ಲಿ."

ಅವನು ನಕ್ಕ. ನನಗೆ ನಗು ಬರಲಿಲ್ಲ. ಆರು ವರ್ಷದ ಹಿಂದೆ ಮಾವನ ಬಲಗೈ ಮೊಣಕೈವರೆಗೆ ಹೋದದ್ದು ಅದೇ ಬೆಲ್ಟಿಗೆ. ಅವತ್ತೂ ಕರೆಂಟು ಹೋಗಿತ್ತು. ಜಾರಿದ್ದ ಬೆಲ್ಟು ಕೂರಿಸಲು ಮಾವ ಕೈ ಹಾಕಿದ್ದರು, ಹೇಳದೆ ಕೇಳದೆ ಕರೆಂಟು ಬಂತು. ಬಂದರೂ ಗುಂಡಿ ಒತ್ತದೆ ಮೋಟರು ತಿರುಗಬಾರದು. ತಿರುಗಿತು. ವೋಲ್ಟೇಜು ಇಳಿದಾಗೆಲ್ಲ ಮೋಟರು ನಿಂತುಹೋಗುತ್ತದೆಂದು ಯಾರೋ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿಹಿಡಿದು ಸಂದಿಗೆ ಬೆಂಕಿಕಡ್ಡಿ ಸಿಗಿಸಿದ್ದರು. ನಮ್ಮ ಕಡೆ ಎಲ್ಲರೂ ಮಾಡುವ ಜಾಣತನ ಅದು.

"ನಾನೇ ಸಿಗಿಸಿದ್ದು" ಅಂದರು ಅತ್ತೆ, ಆಸ್ಪತ್ರೆಯಲ್ಲಿ, ಎಲ್ಲರೆದುರು. ಗಂಡನ ಕೈ ತಿಂದವಳು ಅಂತ ನೆಂಟರು ಬಾಯಿಗೆ ಬಂದಂತೆ ಅಂದರು. ಅತ್ತೆ ತಲೆ ತಗ್ಗಿಸಿ ನಿಂತಿದ್ದರು.

ಕಡ್ಡಿ ಸಿಗಿಸಿದವನು ನಾನು. ಆ ಬೆಳಿಗ್ಗೆ ಮಿಲ್ಲು ನೋಡಿಕೊಳ್ಳುತ್ತಿದ್ದವನೂ ನಾನೇ. ಅತ್ತೆ ಗಾಬರಿಯಲ್ಲಿ ಏನೋ ಅಂದರು ಅಂದುಕೊಂಡು ಆರು ವರ್ಷ ಬಾಯಿ ಬಿಡಲಿಲ್ಲ. ಅಂಥ ಹೇಡಿ ನಾನು.

ಹೋದ ಭಾನುವಾರ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ. "ಅತ್ತೆ, ಆ ಕಡ್ಡಿ ಸಿಗಿಸಿದ್ದು ನಾನು" ಅಂದು ಎದ್ದು ನಿಂತೆ.

"ಗೊತ್ತು ಕಣಪ್ಪ" ಅಂದರು, ಮಾವನಿಗೆ ಅನ್ನ ಕಲಸುತ್ತಾ. "ನಿಮ್ಮ ಮಾವ ಆಸ್ಪತ್ರೇಲಿ ಕಣ್ಣು ಬಿಟ್ಟ ತಕ್ಷಣ ಹೇಳಿದ್ದೇ ಅದು. 'ಸಿಗಿಸಿದ್ದು ಇವನು ಅಂತ ಜನಕ್ಕೆ ಗೊತ್ತಾದ್ರೆ ನಮ್ಮನೆಗೆ ಬರೋದೇ ಬಿಟ್ಬಿಡ್ತಾನೆ, ನಿನ್ನ ಮೇಲೆ ಹಾಕ್ಕೊಂಡ್ಬಿಡೇ' ಅಂದ್ರು."

ಮಾವ ಎಡಗೈಯಿಂದ ನನ್ನ ತೋಳು ಹಿಡಿದು ಕೂರಿಸಿದರು.

"ಬರ್ತಾ ಇದ್ದೀಯಲ್ಲೋ, ಸಾಕು. ಉಣ್ಣು."