ಅಜ್ಜಿಗೆ ಓದಲಾಗದ ಕಾಗದ

ಹವ್ಯಾಸಗಳಲ್ಲಿ ಎರಡು ಬಗೆ. ಹಾಡುವುದು, ಓಡುವುದು ಇವೆಲ್ಲ ಮುಗಿದ ಮೇಲೆ ಮನೆಯಲ್ಲಿ ಏನನ್ನೂ ಬಿಟ್ಟು ಹೋಗುವುದಿಲ್ಲ. ಇನ್ನು ಕೆಲವು ರಾಶಿ ಬೀಳುತ್ತವೆ. ನನ್ನದು ರಾಶಿ ಬೀಳುವ ಜಾತಿಯದು. ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಹಾಜರಾತಿ ನೋಡಿಕೊಳ್ಳುವ ನಾನು, ಶನಿವಾರ ಸಂಜೆ ಮೊಬೈಲಿನಲ್ಲಿ ಪೂರ್ವ ಏಷ್ಯಾದ ಲಿಪಿ, ಹಳೆಯ ಪುಸ್ತಕ, ಹಸ್ತಪ್ರತಿಗಳ ಬಗ್ಗೆ ಪಾಠ ಕೇಳುತ್ತೇನೆ. ಯಾಕೆ ಎಂದು ನಮ್ಮ ಹೊಲಿಗೆ ಲೈನಿನ ಹುಡುಗಿಯರೂ ಕೇಳಿದ್ದಾರೆ. ದಿನವಿಡೀ ಬಂದವರು, ಬಾರದವರು, ತಡವಾಗಿ ಬಂದವರು ಎಂದು ಗುರುತು ಹಾಕುವವಳಿಗೆ, ಒಂದು ಗುರುತಿನಲ್ಲಿ ಇಡೀ ಮಳೆ, ಇನ್ನೊಂದರಲ್ಲಿ ಒಂದು ಕುದುರೆ ಹಿಡಿಸುವುದನ್ನು ಕಂಡು ಹೊಟ್ಟೆಕಿಚ್ಚಾಯಿತು ಎಂದಿಟ್ಟುಕೊಳ್ಳಿ.

ಚೀನೀ ಅಕ್ಷರವನ್ನು ಕುಂಚದಲ್ಲಿ ಬರೆಯುವಾಗ ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದಕ್ಕೂ ಒಂದು ಕ್ರಮವಿದೆ. ಆ ಕ್ರಮ ಕೈಗೆ ಹತ್ತುವವರೆಗೆ ಬರೆಯುತ್ತಲೇ ಇರಬೇಕು. ಕಟಿಂಗ್ ವಿಭಾಗದಲ್ಲಿ ಉಳಿಯುವ ತೆಳು ಕಾಗದವನ್ನು ಕೇಳಿ ತರುತ್ತೇನೆ. ಪ್ರತಿ ಹಾಳೆಯ ಮೂಲೆಯಲ್ಲಿ ಕನ್ನಡದಲ್ಲಿ ದುಂಡಗೆ ತಾರೀಕು ಬರೆಯುತ್ತೇನೆ. ದಿನಚರಿಯಲ್ಲಿ ಆ ದಿನದ ಹಾಳೆಗಳ ಲೆಕ್ಕವಿರುತ್ತದೆ. ನನ್ನ ಲೆಕ್ಕ ಎಷ್ಟು ಶಿಸ್ತಾಗಿತ್ತೆಂದರೆ, ಆ ಹಾಳೆಗಳೆಲ್ಲ ಮನೆಯಲ್ಲೇ ಇವೆ ಎಂಬುದು ಬಹಳ ದಿನ ನನ್ನ ಗಮನಕ್ಕೇ ಬರಲಿಲ್ಲ.

ಬರೆದಾದದ್ದೆಲ್ಲ ಹಿತ್ತಲಿನ ಹಂಡೆ ಒಲೆಗೆ ಹೋಗುತ್ತಿದೆ ಎಂದು ನಾನು ತಿಳಿದಿದ್ದೆ. ಗೀಸರ್ ಬಂದಿದ್ದರೂ ನಮ್ಮಜ್ಜಿಗೆ ಹಂಡೆಯ ನೀರೇ ಬೇಕು. ಒಲೆ ಹೊತ್ತಿಸಲು ದಿನಪತ್ರಿಕೆ. ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಸಾಲಿನ ಕೆಳಗೆ ಬೆರಳಿಟ್ಟು ಪತ್ರಿಕೆ ಓದುತ್ತಾರೆ, ಮಾರನೆಯ ದಿನ ಮಂತ್ರಿಗಳ ಸಮೇತ ಒಲೆಗೆ ಹಾಕುತ್ತಾರೆ. ನನ್ನ ಹಾಳೆಗಳನ್ನು ಮಾತ್ರ ಕಣ್ಣಿಗೊತ್ತಿಕೊಂಡು ತಮ್ಮ ಮಂಚದ ಮೇಲೆ ಪೇರಿಸುತ್ತಿದ್ದರು. ಮಂಚ ತುಂಬಿದ ಮೇಲೆ ತಾವು ಕೆಳಗೆ ಚಾಪೆ ಹಾಸಿಕೊಂಡು ಮಲಗತೊಡಗಿದ್ದರು. ನಾನು ಗಾಬರಿಯಾಗಿ ಕೇಳಿದೆ.

"ಪೇಪರ್‌ನಲ್ಲಿ ಏನ್ ಬರ್ದವ್ರೆ ಅಂತ ಓದಿರ್ತೀನಿ, ಸುಡ್ತೀನಿ. ಇದ್ರಾಗೇನೈತೋ ನಂಗೇನ್ ಗೊತ್ತು? ಯಾವ ದೇವ್ರ ಹೆಸರೈತೋ!"

"ದೇವ್ರೂ ಇಲ್ಲ ಏನೂ ಇಲ್ಲ ಅಜ್ಜಿ. ಇದು ಮರ. ಎರಡು ಮರ ಪಕ್ಕದಲ್ಲಿ ಬರೆದ್ರೆ ಕಾಡು."

ಅಜ್ಜಿ ಹಾಳೆಯನ್ನು ದೂರ ಹಿಡಿದು ನೋಡಿದರು. "ಎರಡು ಮರಕ್ಕೇ ಕಾಡಾ? ನಮ್ಮನೆ ಮುಂದೆ ಎರಡು ಹೊಂಗೆ ಮರ ಅವೆ. ಫಾರೆಸ್ಟ್‌ನೋರ್ನ ಕರೀಲೇನೇ?"

ಇಷ್ಟರಲ್ಲಿ ತಮ್ಮನ ನಿಶ್ಚಿತಾರ್ಥ ಗೊತ್ತಾಯಿತು. ಜಡಿಗೇನಹಳ್ಳಿಯಿಂದ ಅತ್ತೆಯ ಮನೆಯವರೆಲ್ಲ ಬಂದು ಉಳಿಯುವವರಿದ್ದರು. ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. "ನೋಡು, ನಿಮ್ಮತ್ತೇನ ಕಾಗದದ ಮೇಲೆ ಮಲಗಿಸೋಕಾಗಲ್ಲ. ಭಾನುವಾರದೊಳಗೆ ಈ ರಾಶಿ ಮನೆ ಬಿಡ್ಬೇಕು. ಇಲ್ಲಾಂದ್ರೆ ನೀನು ಆ ಕ್ಲಾಸು ಬಿಡ್ಬೇಕು." ಅಮ್ಮ ಹೇಳಿದರೆ ಮುಗಿಯಿತು.

ಹಳೇ ಪೇಪರಿನವನನ್ನು ಕರೆದೆ. ಅವನು ತಕ್ಕಡಿ ಎತ್ತುವಷ್ಟರಲ್ಲಿ ಅಜ್ಜಿ ಗೇಟಿಗೆ ಅಡ್ಡ ನಿಂತರು. "ಇದ್ರಾಗೆ ಬೋಂಡ ಕಟ್ಟಿಕೊಡ್ತಾರೆ. ಎಣ್ಣೆ ಒರೆಸಿ ಚರಂಡಿಗೆ ಹಾಕ್ತಾರೆ. ತಗೊಂಡ್ ಹೋಗ್ಬೇಡ ಕಣಪ್ಪಾ." ಅವನೂ ಒಂದು ಹಾಳೆ ಬಿಡಿಸಿ ನೋಡಿ, "ಇದೇನಕ್ಕಾ, ಮಾಟಾನಾ ಮಂತ್ರಾನಾ? ನಂಗೂ ಸಂಸಾರ ಐತೆ" ಎಂದು ಗಾಡಿ ತಿರುಗಿಸಿದ. "ಅಕ್ಷರ ಅಂದ್ರೆ ಬರೀ ಮಸಿ ಅಜ್ಜಿ! ಅದಕ್ಕೆ ಇಷ್ಟು ಮಡಿ ಯಾಕೆ?" ಎಂದು ಬೀದಿಗೆ ಕೇಳುವಂತೆ ಕೂಗಿ ಒಳಗೆ ಬಂದೆ.

ಒಳಗೆ ಬಂದವಳು ತರಗತಿಗೆ ಒಪ್ಪಿಸಬೇಕಾದ ಪ್ರಬಂಧ ಬರೆಯಲು ಕೂತೆ. ಹಿಂದಿನ ಕಾಲದ ಚೀನಾದಲ್ಲಿ ಬರೆದ ಕಾಗದವನ್ನು ತುಳಿಯುತ್ತಿರಲಿಲ್ಲ, ಕಸಕ್ಕೆ ಎಸೆಯುತ್ತಿರಲಿಲ್ಲ. ಬೀದಿಯಲ್ಲಿ ಬಿದ್ದ ಚೂರುಗಳನ್ನು ಆಯ್ದು ತಂದು, ಅದಕ್ಕೆಂದೇ ಕಟ್ಟಿದ ಪುಟ್ಟ ಗೋಪುರದಂಥ ಒಲೆಯಲ್ಲಿ ಸುಟ್ಟು, ಬೂದಿಯನ್ನು ನೀರಿಗೆ ಬಿಡುತ್ತಿದ್ದರು. ಅದನ್ನೇ ವಿಷಯ ಮಾಡಿಕೊಂಡಿದ್ದೆ. ಆಲೋಚನೆ ಕನ್ನಡದಲ್ಲೇ ಬರುವುದರಿಂದ ಮೊದಲು ಕನ್ನಡದಲ್ಲಿ, ನನ್ನ ದುಂಡು ಅಕ್ಷರದಲ್ಲಿ, ಎಷ್ಟೋ ಪುಟ ಬರೆದಿದ್ದೆ. 'ಅಕ್ಷರವನ್ನು ಇಷ್ಟು ಗೌರವಿಸಿದ ಜನರನ್ನು ನಾವು ಎಲ್ಲಿ ಕಾಣಬಲ್ಲೆವು?' ಎಂಬ ವಾಕ್ಯಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ತಲೆ ಎತ್ತಿದೆ. ಕಿಟಕಿಯಾಚೆ ಅಜ್ಜಿ, ತಕ್ಕಡಿಯಿಂದ ಜಾರಿ ಬಿದ್ದ ಹಾಳೆಗಳನ್ನು ಒಂದೊಂದಾಗಿ ಆಯ್ದು ಮಣ್ಣು ಕೊಡವುತ್ತಿದ್ದರು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

ಶನಿವಾರ ಹೋಗಿ ಅಜ್ಜಿಯ ಚಾಪೆಯ ತುದಿಯಲ್ಲಿ ಕೂತು ಆ ಒಲೆಯ ವಿಚಾರ ಹೇಳಿದೆ. ಅಜ್ಜಿ ಪೂರ್ತಿ ಕೇಳಿದರು. "ಬೇರೆ ಒಲೆನಾ? ಎಂಜಲು ಮುಸುರೆ ಸೋಕದೇ ಇರೋದಾ?"

"ಹೂಂ ಅಜ್ಜಿ."

"ಬುದ್ಧಿವಂತ್ರು ಕಣೇ ಅವ್ರು. ಮೊದ್ಲೇ ಹೇಳ್ಬಾರ್ದಿತ್ತಾ? ಬೂದಿ ಕೆರೆಗೆ ಬ್ಯಾಡ, ಅದು ಆಗ್ಲೇ ಕೆಟ್ಟು ಕೂತೈತೆ. ಹೊಂಗೆ ಬುಡಕ್ಕೆ ಹಾಕಾಣ. ನಿನ್ನ ಕಾಡಿಗೆ."

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ ಹೊಸ ಒಲೆ ಮಾಡಿದೆ. ಸ್ನಾನ ಮಾಡಿ ಬರುವಷ್ಟರಲ್ಲಿ ಅಜ್ಜಿ ಆಗಲೇ ಹೊತ್ತಿಸಿದ್ದರು. ಮಳೆ, ಕುದುರೆ, ಮರ ಎಲ್ಲವನ್ನೂ ಕಣ್ಣಿಗೊತ್ತಿಕೊಂಡು ಒಂದೊಂದಾಗಿ ಒಳಗೆ ಬಿಡುತ್ತಿದ್ದರು. ಮಂಚ ಖಾಲಿಯಾಯಿತು, ಅಮ್ಮನ ಮುಖ ಸಡಿಲವಾಯಿತು, ನನ್ನ ತರಗತಿ ಉಳಿಯಿತು. ನೆಮ್ಮದಿಯಿಂದ ಪ್ರಬಂಧ ಮುಗಿಸೋಣವೆಂದು ಮೇಜಿಗೆ ಬಂದರೆ, ಮೇಜು ಬರಿದು.

"ಅಜ್ಜೀ, ಇಲ್ಲಿದ್ದ ಹಾಳೆಗಳೆಲ್ಲಿ?"

"ಅದಾ? ಒಲೆ ಹೊತ್ತಿಸೋಕೆ ಪೇಪರ್ ಇರ್ಲಿಲ್ಲ, ಹಂಡೆ ಒಲೆಗೇ ಆಗೋಗಿತ್ತು. ಅದ್ರಾಗೇ ಹೊತ್ತಿಸ್ದೆ."

"ಅಜ್ಜೀ! ಅದರಲ್ಲೂ ಅಕ್ಷರ ಇತ್ತಲ್ಲ!"

"ಓದ್ದೆ ಕಣೇ, ರಾತ್ರೀನೇ ಕೂತು ಓದಿದ್ದೆ, ಪೂರ್ತಿ ಓದೇ ಹಾಕ್ದೆ. ಚೆನ್ನಾಗಿ ಬರ್ದಿದ್ದೆ, ಎಲ್ಲಾ ಅರ್ಥ ಆಯ್ತು. ಅರ್ಥ ಆದ್ಮೇಲೆ ಇಟ್ಕೊಂಡು ಏನ್ಮಾಡ್ತಿ?"

ಅಕ್ಷರದ ಗೌರವವನ್ನು ಕುರಿತ ನನ್ನ ಪ್ರಬಂಧ ಹಾಗೆ ಅಕ್ಷರದ ಗೌರವಕ್ಕೇ ಹೊತ್ತಿಕೊಂಡಿತು. ಇಷ್ಟು ಪೂರ್ತಿಯಾಗಿ ಓದುವವರು ನನಗೆ ಇನ್ನೊಬ್ಬರು ಸಿಗುವುದಿಲ್ಲವಾದ್ದರಿಂದ ಜಗಳವಾಡಲೂ ಮನಸ್ಸಾಗಲಿಲ್ಲ. ಈಗ ಮೊದಲಿನಿಂದ ಬರೆಯುತ್ತಿದ್ದೇನೆ. ದುಂಡು ಅಕ್ಷರದ ನನ್ನ ಹೆಮ್ಮೆಯನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಅಜ್ಜಿ ಎಷ್ಟು ಬೆರಳಿಟ್ಟರೂ ಓದಲಾಗದಂತೆ, ಆದಷ್ಟು ಕೆಟ್ಟದಾಗಿ ಗೀಚುತ್ತಿದ್ದೇನೆ.